ಗುಂಡಿ ಮುಚ್ಚುವ ಮುನ್ನ

ನಾಯಿಯೂ ಗಿಡಗಳೂ ಒಟ್ಟಿಗಿರುವ ಮನೆಗಳಿಂದ ಹೆಚ್ಚಾಗಿ ಬರುವ ಪ್ರಶ್ನೆ ಒಂದೇ: ಪಾತಿ ತೋಡುವುದನ್ನು ಬಿಡಿಸುವುದು ಹೇಗೆ? ಗುಂಡಿ ಕಂಡ ಕೂಡಲೇ ನಾಯಿಯನ್ನು ಗದರಿ, ಮಣ್ಣೆಳೆದು ಮುಚ್ಚಿಬಿಡುವುದು ಎಲ್ಲರ ರೂಢಿ. ಅದಕ್ಕೆ ಮುಂಚೆ ಒಂದು ನಿಮಿಷ ಅಲ್ಲೇ ಕುಕ್ಕರಗಾಲಲ್ಲಿ ಕೂತು ಗುಂಡಿಯ ಆಕಾರ, ಆಳ, ಜಾಗ ನೋಡಿ. ನಾಯಿ ಯಾಕೆ ತೋಡಿತು ಎಂಬುದು ಅಲ್ಲೇ ತಿಳಿಯುತ್ತದೆ. ಕಾರಣ ತಿಳಿಯದೆ ಮಾಡಿದ ಯಾವ ಉಪಾಯವೂ ನಿಲ್ಲುವುದಿಲ್ಲ.

ಬೇಸಿಗೆಯ ಮಧ್ಯಾಹ್ನ ಮರದ ಬುಡದಲ್ಲೋ ನೀರಿನ ತೊಟ್ಟಿಯ ಪಕ್ಕದಲ್ಲೋ, ನಾಯಿ ಸುರುಳಿಯಾಗಿ ಮಲಗುವಷ್ಟು ಅಗಲದ, ಹೆಚ್ಚು ಆಳವಿಲ್ಲದ ತಗ್ಗು ಕಂಡರೆ ಅದು ಸೆಕೆಯ ಗುಂಡಿ. ನಾಯಿ ಬೆವರುವುದು ಬಹುಮಟ್ಟಿಗೆ ಪಾದಗಳಲ್ಲಿ ಮಾತ್ರ. ಮೈಯ ಕಾವನ್ನು ಏದುಸಿರಿನಿಂದಲೇ ಕಳೆಯಬೇಕು. ಮೇಲ್ಮಣ್ಣು ಕಾದಾಗ ಅಡಿಯ ತಂಪು ಮಣ್ಣಿಗೆ ಹೊಟ್ಟೆ ಒತ್ತಿ ಮಲಗುವುದು ಅದರ ಜಾಣತನ. ನೆರಳಲ್ಲಿ ಒದ್ದೆ ಗೋಣಿಚೀಲ ಹಾಸಿ, ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ. ಬಿಸಿಲು ಹೊತ್ತಿನಲ್ಲಿ ಒಳಗೆ ಬಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕಾಂಪೌಂಡ್ ಗೋಡೆಯ ಬುಡದಲ್ಲಿ ಒಂದೇ ಸಾಲು ಹಿಡಿದು ಸಾಗುವ ಕಿರಿದಾದ, ಆಳವಾದ ಗುಂಡಿಗಳು ಹೆಗ್ಗಣದ ಸುದ್ದಿ ಹೇಳುತ್ತವೆ. ಸುತ್ತ ಹುಡುಕಿ, ಬಿಲದ ಬಾಯಿಯಲ್ಲಿ ಹೊಸ ಮಣ್ಣಿನ ಗುಪ್ಪೆ ಸಿಗಬಹುದು. ಇಲ್ಲಿ ತಿದ್ದಬೇಕಾದದ್ದು ನಾಯಿಯನ್ನಲ್ಲ; ಬಿಲ ಮುಚ್ಚಿ, ಹೊರಗೆ ಬಿದ್ದಿರುವ ಕಾಳು, ಕಸ ತೆಗೆಯಿರಿ. ಹೆಗ್ಗಣದ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಆದ್ದರಿಂದ ಪಶುವೈದ್ಯರ ಬಳಿ ಅದರ ಲಸಿಕೆ ಹಾಕಿಸಿರಿ. ಇಲಿ ಪಾಷಾಣದ ಕಡೆಗೆ ಮಾತ್ರ ಹೋಗಬೇಡಿ.

ನಿನ್ನೆ ನೆಟ್ಟ ಗುಲಾಬಿಯೇ ಇವತ್ತು ಬೇರುಸಹಿತ ಹೊರಗೆ ಬಿದ್ದಿದ್ದರೆ ನೀವು ಹಾಕಿದ ಗೊಬ್ಬರ ನೆನಪಿಸಿಕೊಳ್ಳಿ. ಎಲುಬಿನ ಪುಡಿ, ಮೀನಿನ ಗೊಬ್ಬರ, ಕಡಲೆಕಾಯಿ ಹಿಂಡಿ ನಾಯಿಯ ಮೂಗಿಗೆ ಊಟವೇ. ಹರಳು ಹಿಂಡಿ ಅದಕ್ಕಿಂತ ಅಪಾಯ: ಅದರಲ್ಲಿ ಉಳಿದಿರುವ ರೈಸಿನ್ ವಿಷ ನಾಯಿಯ ಪ್ರಾಣ ತೆಗೆಯಬಲ್ಲದು. ಮಳೆಗಾಲದಲ್ಲಿ ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯೂ ಹಾಗೆಯೇ. ನಾಯಿ ಓಡಾಡುವ ತೋಟದಲ್ಲಿ ಇವೆರಡಕ್ಕೂ ಜಾಗವಿಲ್ಲ. ಚೆನ್ನಾಗಿ ಕಳಿತ ಕಾಂಪೋಸ್ಟ್, ಎರೆಗೊಬ್ಬರ ಸಾಕು.

ಯಾವ ಗುರುತಿಗೂ ಸೇರದೆ ಅಂಗಳದ ತುಂಬ ಚದುರಿದ ಗುಂಡಿಗಳು, ಅದೂ ನೀವು ಮನೆಯಲ್ಲಿಲ್ಲದಾಗ ತೋಡಿದವು, ಬೇಸರದ ಗುಂಡಿಗಳು. ಮರಿನಾಯಿಗಳಲ್ಲಿ ಇದು ಹೆಚ್ಚು. ತಳಿಯ ಗುಣವೂ ಸೇರುತ್ತದೆ. ಜರ್ಮನಿಯಲ್ಲಿ ಡ್ಯಾಷ್‌ಹುಂಡನ್ನು ಬೆಳೆಸಿದ್ದೇ ಬ್ಯಾಜರ್ ಎಂಬ ಪ್ರಾಣಿಯನ್ನು ಬಿಲದೊಳಗೆ ಹೊಕ್ಕು ಹಿಡಿಯಲೆಂದು. ಟೆರಿಯರ್‌ಗಳದ್ದೂ ಬಿಲದ ಬೇಟೆಯೇ. ನಮ್ಮ ಮುಧೋಳ ನಾಯಿ ಕಣ್ಣಿಂದ ಕಂಡು, ಅಟ್ಟಿಸಿಕೊಂಡು ಹೋಗಿ ಹಿಡಿಯುವ ತಳಿ. ಅದಕ್ಕೆ ಓಟವೇ ಬೇಕು. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ನಡೆಸದ, ಮೂಗಿಗೆ ಕೆಲಸ ಕೊಡದ ಮನೆಯಲ್ಲಿ ಪಾತಿಗೆ ಬೇಲಿ ಕಟ್ಟಿ ಪ್ರಯೋಜನವಿಲ್ಲ.

ಇಷ್ಟಾದ ಮೇಲೂ ಕೆಲವು ನಾಯಿಗಳು ತೋಡಿಯೇ ತೋಡುತ್ತವೆ. ಅವಕ್ಕೆ ತೋಡಲೆಂದೇ ಒಂದು ಜಾಗ ಕೊಡಿ. ನೆರಳಿನ ಮೂಲೆಯಲ್ಲಿ ನಾಲ್ಕಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಇಟ್ಟಿಗೆ ಕಟ್ಟೆಗೆ ಮರಳು ಬೆರೆತ ಸಡಿಲ ಮಣ್ಣು ತುಂಬಿಸಿ. ನಾಯಿ ನೋಡುತ್ತಿರುವಾಗಲೇ ಅದರ ಆಟಿಕೆಯನ್ನು ಮೇಲುಮೇಲಾಗಿ ಹೂಳಿ. ಕೆದರಿ ತೆಗೆದಾಗ ಬಾಯ್ತುಂಬ ಹೊಗಳಿ, ಒಂದು ತಿಂಡಿ ಕೊಡಿ. ದಿನ ಕಳೆದಂತೆ ಆಳಕ್ಕೆ ಹೂಳಿ. ಪಾತಿಗೆ ಕಾಲಿಟ್ಟಾಗ ಕೂಗಾಡದೆ ಕರೆದುಕೊಂಡು ಬಂದು ಇಲ್ಲಿ ಬಿಡಿ. ಕೆಲವು ವಾರ ಮನೆಮಂದಿಯೆಲ್ಲ ಇದೇ ಕ್ರಮ ಪಾಲಿಸಿದರೆ ನಾಯಿಗೆ ತನ್ನ ಜಾಗ ಯಾವುದೆಂದು ತಿಳಿಯುತ್ತದೆ.

ಕಲಿಯುವಷ್ಟು ಕಾಲ ಗಿಡಗಳಿಗೂ ಕಾವಲು ಬೇಕು. ಹೊಸ ಪಾತಿಯಲ್ಲಿ ಎರಡಂಗುಲ ಮಣ್ಣಿನಡಿ ಕೋಳಿ ಗೂಡಿಗೆ ಬಳಸುವ ತಂತಿ ಜಾಲರಿ ಹಾಸಿ, ಅಂಚುಗಳನ್ನು ಕೆಳಕ್ಕೆ ಮಡಚಿ, ಪಂಜಕ್ಕೆ ಗಾಯವಾಗಬಾರದು. ಸುಗಂಧರಾಜದ ಗೆಡ್ಡೆ ಜಾಲರಿಯ ಕಣ್ಣುಗಳ ನಡುವೆಯೇ ಚಿಗುರಿ ಮೇಲೆ ಬರುತ್ತದೆ. ದಾಸವಾಳ, ಮಲ್ಲಿಗೆಯ ಬುಡಕ್ಕೆ ಮುಷ್ಟಿಗಿಂತ ದೊಡ್ಡ ಕಲ್ಲುಗಳನ್ನು ಜೋಡಿಸಿ.

ಮಾಡಬಾರದ್ದನ್ನೂ ಹೇಳಲೇಬೇಕು. ಪಾತಿಗೆ ಖಾರದ ಪುಡಿ ಎರಚುವುದು, ಫಿನಾಯಿಲ್ ಸುರಿಯುವುದು ಹಿಂಸೆ. ನಮಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾದ ಮೂಗಿಗೆ ಖಾರ ಬೆಂಕಿಯಾಗುತ್ತದೆ; ಫಿನಾಯಿಲ್ ಪಾದಕ್ಕೆ ಹತ್ತಿ, ನೆಕ್ಕಿದಾಗ ಹೊಟ್ಟೆ ಸೇರುತ್ತದೆ. ಗಂಟೆಗಳ ನಂತರ ಗುಂಡಿಗೆ ಮುಖ ಒತ್ತಿ ಹೊಡೆದರೆ ನಾಯಿ ಕಲಿಯುವುದು ನಿಮ್ಮ ಭಯವನ್ನು ಮಾತ್ರ. ದಿನವಿಡೀ ಮೋಟು ಸರಪಳಿಯಲ್ಲಿ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ನಾಯಿ ಇರುವ ಮನೆಯ ತೋಟವನ್ನು ನಾಯಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಯೋಜಿಸಬೇಕು. ಬಿಸಿಲು ಎಲ್ಲಿ, ನೀರು ಎಲ್ಲಿ ಎಂದು ನೋಡಿ ಗಿಡ ನೆಡುವ ನಾವು, ನಾಯಿ ದಿನಾ ಓಡುವ ದಾರಿ ಯಾವುದು, ಮಲಗುವ ನೆರಳು ಯಾವುದು ಎಂಬುದನ್ನೂ ನೋಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಮುಂಗಾರಿನ ನಾಟಿಗೆ ಮಣ್ಣು ಹದಮಾಡುವ ಮೊದಲು ಆ ದಾರಿಯನ್ನು ಬಿಟ್ಟು ಪಾತಿ ಗುರುತು ಹಾಕಿ, ಜಾಲರಿ ಹಾಸಿ, ಮರಳಿನ ಕಟ್ಟೆ ಕಟ್ಟಿಸಿ. ಆಮೇಲೆ ಗಿಡ ತನ್ನಿ.