ಮುಗಿಯದ ಚಿತ್ರದ ಮುಂದೆ

ಚಿತ್ರಕಾರರನ್ನು ಕುರಿತು ನಾವು ಓದುವ ಬರವಣಿಗೆಯೆಲ್ಲ ಬಹುಮಟ್ಟಿಗೆ ಕಟ್ಟು ಹಾಕಿಸಿಯಾದ ಮೇಲಿನ ಮಾತು. ಚಿತ್ರ ಮುಗಿದಿದೆ, ಗೋಡೆಗೇರಿದೆ, ನೋಡುವವರು ಕೈಕಟ್ಟಿ ನಿಂತಿದ್ದಾರೆ. ಅದು ಚಿತ್ರವಾಗುತ್ತದೋ ಬಣ್ಣ ಮೆತ್ತಿದ ಬಟ್ಟೆಯಾಗಿಯೇ ಉಳಿಯುತ್ತದೋ ತಿಳಿಯದ ಹೊತ್ತಿನಲ್ಲಿ ಅದನ್ನು ಬರೆಯುತ್ತಿದ್ದ ಜೀವಕ್ಕೆ ಏನಾಗುತ್ತಿತ್ತು ಎಂಬುದನ್ನು ಹೇಳುವವರು ಕಡಿಮೆ. ಅದರಲ್ಲೂ ಇನ್ನೂ ಕಲಿಯುತ್ತಿರುವವರು, ತಮ್ಮ ಕೈಯ ಮೇಲೆ ತಮಗೇ ಪೂರಾ ನಂಬಿಕೆ ಬಾರದವರು ಹಾಗೆ ಬರೆದಿಟ್ಟದ್ದು ತೀರ ಅಪರೂಪ. ಮರಿಯಾ ಬಾಷ್ಕಿರ್ತ್ಸೆಫ್ ಎಂಬ ಹುಡುಗಿಯ ದಿನಚರಿ ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ.

ಮರಿಯಾ ಹುಟ್ಟಿದ್ದು 1858ರಲ್ಲಿ, ಇಂದಿನ ಉಕ್ರೇನಿನ ಪೊಲ್ತಾವಾ ಸಮೀಪ, ಸಿರಿವಂತ ಮನೆತನವೊಂದರಲ್ಲಿ. ತಂದೆ ತಾಯಿ ಬೇರೆಯಾದ ಮೇಲೆ ತಾಯಿಯ ಕಡೆಯವರೊಡನೆ ಫ್ರಾನ್ಸಿಗೆ ಬಂದು ನೆಲೆಸಿದಳು. ಹಾಡುಗಾರ್ತಿಯಾಗಬೇಕೆಂದು ಆಸೆಪಟ್ಟಿದ್ದವಳಿಗೆ ಗಂಟಲು ಕೈಕೊಟ್ಟಿತು. 1877ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಜೂಲಿಯನ್ ಅಕಾಡೆಮಿ ಸೇರಿ ಚಿತ್ರಕಲೆಯ ವಿದ್ಯಾರ್ಥಿನಿಯಾದಳು. ಏಳು ವರ್ಷ ಕಳೆಯುವಷ್ಟರಲ್ಲಿ, 1884ರ ಅಕ್ಟೋಬರ್ 31ರಂದು, ಕ್ಷಯರೋಗದಿಂದ ತೀರಿಕೊಂಡಳು. ಇಪ್ಪತ್ತಾರು ತುಂಬಿರಲಿಲ್ಲ. 1873ರಿಂದ ಸಾಯುವ ಕೆಲವೇ ದಿನಗಳ ಹಿಂದಿನವರೆಗೆ ಅವಳು ಫ್ರೆಂಚಿನಲ್ಲಿ ಬರೆಯುತ್ತ ಬಂದ ದಿನಚರಿ 1887ರಲ್ಲಿ ಅಚ್ಚಾಯಿತು. ಮಟಿಲ್ಡಾ ಬ್ಲೈಂಡ್ ಅದನ್ನು 1890ರಲ್ಲಿ ಇಂಗ್ಲಿಷಿಗೆ ತಂದರು. ನಾನು ಓದಿದ್ದು ಆ ಇಂಗ್ಲಿಷನ್ನು. ಜೂಲಿಯನ್ ಅಕಾಡೆಮಿಯ ಹೆಸರು ನಮಗೆ ಅಷ್ಟೇನೂ ದೂರದ್ದಲ್ಲ. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು 1949-50ರಲ್ಲಿ ಹೋಗಿ ಕಲಿತದ್ದು ಅಲ್ಲಿಯೇ.

ಮರಿಯಾ ಆ ಖಾಸಗಿ ಶಾಲೆಗೆ ಹೋದದ್ದು ಬೇರೆ ದಾರಿಯಿಲ್ಲದೆ. ಸರಕಾರದ ದೊಡ್ಡ ಕಲಾಶಾಲೆಯಾದ ಎಕೋಲ್ ದೆ ಬೋಜಾರ್ 1897ರವರೆಗೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. ಜೂಲಿಯನ್ ಅವರಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ತರಗತಿಯಿತ್ತು, ಶುಲ್ಕ ಮಾತ್ರ ಗಂಡುಮಕ್ಕಳಿಗಿಂತ ಹೆಚ್ಚು. ಎದುರಿಗೆ ಮಾದರಿಯಾಗಿ ನಿಂತವರನ್ನು ನೋಡಿ ದಿನವಿಡೀ ಬರೆಯುವುದು, ತೋನಿ ರೊಬೇರ್-ಫ್ಲರಿಯಂಥ ಗುರುಗಳು ಆಗಾಗ ಬಂದು ತಿದ್ದಿ ಹೋಗುವುದು, ನಡುನಡುವೆ ಸ್ಪರ್ಧೆ: ಇದು ಅಲ್ಲಿಯ ಕ್ರಮ.

ಈ ದಿನಚರಿಯನ್ನು ಓದಿದವರು ಅದರಲ್ಲಿ ಎರಡು ಬಗೆಯ ಮರಿಯಾಳನ್ನು ಕಂಡಿದ್ದಾರೆ. ಕೆಲವರಿಗೆ ಅವಳು ಅಕಾಲದಲ್ಲಿ ಬಾಡಿದ ಹೂವು. ಇಂಗ್ಲೆಂಡಿನ ಗ್ಲ್ಯಾಡ್‌ಸ್ಟನ್ ಅವರಂಥ ರಾಜಕಾರಣಿ 1889ರಲ್ಲಿ ಪುಸ್ತಕವನ್ನು ಮೆಚ್ಚಿ ಲೇಖನ ಬರೆದ ಮೇಲೆ ಈ ಮರುಕದ ಓದಿಗೆ ಇನ್ನಷ್ಟು ಬಲ ಬಂತು. ಇನ್ನು ಕೆಲವರಿಗೆ ಅವಳು ಕನ್ನಡಿ ಬಿಟ್ಟು ಕದಲದ ಹೆಣ್ಣು. ಸಿಮೋನ್ ದ ಬೋವಾ ತಮ್ಮ ‘ದ ಸೆಕೆಂಡ್ ಸೆಕ್ಸ್’ ಗ್ರಂಥದಲ್ಲಿ (1949) ಆತ್ಮಮೋಹಕ್ಕೆ ಉದಾಹರಣೆಯಾಗಿ ಇವಳನ್ನೇ ತೆಗೆದುಕೊಂಡರು. ಎರಡಕ್ಕೂ ಪುಸ್ತಕದಲ್ಲಿ ಬೇಕಾದಷ್ಟು ಆಧಾರವಿದೆ. ತನ್ನ ರೂಪ, ತನ್ನ ಉಡುಪು, ತನಗೆ ಬರಲಿರುವ ಕೀರ್ತಿ ಇವನ್ನು ಅವಳು ಪುಟಗಟ್ಟಲೆ ಬರೆಯುತ್ತಾಳೆ, ಓದುವವರಿಗೆ ಸಾಕುಸಾಕಾಗುತ್ತದೆ. ಆದರೆ ಈ ಎರಡೂ ಓದುಗಳು ಬಿಟ್ಟುಬಿಡುವ ಮೂರನೆಯ ಮರಿಯಾ ಒಬ್ಬಳಿದ್ದಾಳೆ. ಅವಳು ಬರೆಯುತ್ತಿರುವ ಚಿತ್ರದ ಮುಂದೆ ಕುಂಚ ಕೆಳಗಿಟ್ಟು ನಿಂತವಳು. ಕನ್ನಡಿಯ ಮುಂದೆ ಅಷ್ಟು ಮಾತನಾಡುವ ಹುಡುಗಿ ಚಿತ್ರದ ಮುಂದೆ ಬಂದಾಗ ತನ್ನನ್ನು ಮೆಚ್ಚಿಕೊಳ್ಳುವುದನ್ನು ನಿಲ್ಲಿಸುತ್ತಾಳೆ.

ಅಲ್ಲಿ ಅವಳ ಭಾಷೆಯೇ ಬೇರೆ. ದಿನಕ್ಕೆ ಎಷ್ಟು ಗಂಟೆ ಕೆಲಸವಾಯಿತು ಎಂದು ಅಂಗಡಿಯವರಂತೆ ಲೆಕ್ಕ ಬರೆಯುತ್ತಾಳೆ. ತಡವಾಗಿ ಶುರುಮಾಡಿದವಳು ತಾನು, ಉಳಿದವರು ವರ್ಷಗಟ್ಟಲೆ ಮುಂದಿದ್ದಾರೆ ಎಂಬ ಆತಂಕ ಒಂದು ಕಡೆ. ಗುರುಗಳು ಹೊಗಳಿದರೆ ನಿಜವಾಗಿ ಹೊಗಳಿದರೋ ಸಮಾಧಾನಕ್ಕೆ ಅಂದರೋ ಎಂಬ ಗುಮಾನಿ ಇನ್ನೊಂದು ಕಡೆ. ರೇಖೆ ಕೈಗೆ ಬೇಗ ಒಲಿಯಿತು, ಬಣ್ಣ ಒಲಿಯಲಿಲ್ಲ. ಆ ಸಂಕಟ ಬಹಳ ಕಾಲ ನಡೆಯುತ್ತದೆ. 1881ರಲ್ಲಿ ಸ್ಪೇನಿಗೆ ಹೋಗಿ ಮ್ಯಾಡ್ರಿಡ್ಡಿನ ಪ್ರಾದೊ ಸಂಗ್ರಹಾಲಯದಲ್ಲಿ ವೆಲಾಸ್ಕೆಜ್‌ನ ಚಿತ್ರಗಳನ್ನು ನೋಡಿದ ಮೇಲೆ ಬಣ್ಣದ ಬಗ್ಗೆ ಅವಳ ಕಣ್ಣು ತೆರೆಯುವುದನ್ನು ನಾವು ಪುಟ ಪುಟವಾಗಿ ಕಾಣಬಹುದು. ಹೀಗೆ ಕಲಿಕೆಯೆಂಬುದು ಏರುತ್ತಲೇ ಹೋಗುವ ಮೆಟ್ಟಿಲಲ್ಲ, ನಾಲ್ಕು ಹೆಜ್ಜೆ ಹತ್ತಿ ಮೂರು ಹೆಜ್ಜೆ ಇಳಿಯುವ ಗುಡ್ಡದ ದಾರಿ ಎಂಬುದು ಯಾವ ಶಿಕ್ಷಣಶಾಸ್ತ್ರದ ಪುಸ್ತಕಕ್ಕಿಂತ ಚೆನ್ನಾಗಿ ಇಲ್ಲಿ ಮನದಟ್ಟಾಗುತ್ತದೆ. ಬಿ.ಎಡ್. ಓದುವಾಗ ನಮಗೆ ಕಲಿಕೆಯ ರೇಖಾಚಿತ್ರಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಅದರಲ್ಲಿ ‘ಪ್ರಸ್ಥಭೂಮಿ’ ಎಂದು ಕರೆಯುವ ಸಮತಟ್ಟಿನ ಭಾಗವೊಂದು ಬರುತ್ತಿತ್ತು. ಆ ಸಮತಟ್ಟಿನಲ್ಲಿ ನಿಂತಿರುವ ಮಗುವಿಗೆ ಒಳಗೊಳಗೆ ಏನಾಗುತ್ತಿರುತ್ತದೆ ಎಂಬುದನ್ನು ನಾನು ತಿಳಿದದ್ದು ಮರಿಯಾಳ ಪುಟಗಳಿಂದ.

1881ರ ಅವಳ ಚಿತ್ರ ‘ಸ್ಟುಡಿಯೋದಲ್ಲಿ’ ಈ ದೃಷ್ಟಿಯಿಂದ ಕುತೂಹಲಕರವಾದದ್ದು. ಈ ವಿಷಯವನ್ನು ಸೂಚಿಸಿದವರು ಜೂಲಿಯನ್ ಅವರೇ. ವೇದಿಕೆಯ ಮೇಲೆ ಹುಡುಗನೊಬ್ಬ ಮಾದರಿಯಾಗಿ ನಿಂತಿದ್ದಾನೆ. ಸುತ್ತ ಹೆಣ್ಣುಮಕ್ಕಳು ಕಿಕ್ಕಿರಿದು ಕೂತು ಅವನನ್ನು ಬರೆಯುತ್ತಿದ್ದಾರೆ. ಅಂದರೆ ಇದು ಬರೆಯುತ್ತಿರುವವರ ಚಿತ್ರ, ಮುಗಿಯದ ಚಿತ್ರಗಳಿಂದ ತುಂಬಿರುವ ಒಂದು ಮುಗಿದ ಚಿತ್ರ. ಈಗ ಅದು ಉಕ್ರೇನಿನ ದ್ನಿಪ್ರೊ ನಗರದ ಕಲಾ ಸಂಗ್ರಹಾಲಯದ್ದು. ಅದೇ ವರ್ಷ ಅವಳು ‘ಲಾ ಸಿತ್ವಾಯೆನ್’ ಎಂಬ ಮಹಿಳಾಪರ ಪತ್ರಿಕೆಯಲ್ಲಿ ಗುಪ್ತನಾಮದಿಂದ ಹೆಣ್ಣುಮಕ್ಕಳ ಕಲಾಶಿಕ್ಷಣದ ಬಗ್ಗೆ ಬರೆದಳು. ಚಿತ್ರದಲ್ಲಿ ತೋರಿಸಿದ್ದನ್ನೇ ಅಲ್ಲಿ ವಾದವಾಗಿ ಮಂಡಿಸಿದಳು ಎನ್ನಬಹುದು.

ಕಲಿಯುವವರಿಗೆ ಕೋಣೆಯೊಳಗಿನ ಮಾದರಿಯಷ್ಟೇ ಸಾಲದು. ಬೀದಿ ಬೇಕು, ಬೀದಿಯಲ್ಲಿ ಒಬ್ಬಳೇ ನಡೆಯುವ ಸ್ವಾತಂತ್ರ್ಯ ಬೇಕು. ಉದ್ಯಾನದ ಬೆಂಚಿನ ಮೇಲೆ ಕೂರಬೇಕು, ಅಂಗಡಿಗಳ ಮುಂದೆ ನಿಲ್ಲಬೇಕು, ಸಂಜೆ ಹಳೆಯ ಓಣಿಗಳಲ್ಲಿ ಅಲೆಯಬೇಕು. ಜೊತೆಗೆ ಯಾರನ್ನೂ ಕಾಯದೆ, ಯಾರಿಗೂ ಹೇಳದೆ. ಇದಿಲ್ಲದೆ ಹೆಣ್ಣು ನಿಜವಾದ ಕಲಾವಿದೆಯಾಗಲಾರಳು ಎಂದು ಅವಳು 1879ರಲ್ಲಿ ಬರೆದುಕೊಂಡಳು. ಐದು ವರ್ಷಗಳ ನಂತರ ಬರೆದ ‘ಸಭೆ’ ಎಂಬ ಚಿತ್ರದಲ್ಲಿ ಆ ಬೀದಿ ಬಂದಿದೆ. ಹಲಗೆಯ ಬೇಲಿಯೊಂದರ ಮುಂದೆ ಬಡವರ ಮನೆಯ ಆರು ಹುಡುಗರು ಗುಂಪುಗೂಡಿ ಏನನ್ನೋ ಗಹನವಾಗಿ ಚರ್ಚಿಸುತ್ತಿದ್ದಾರೆ. ಬಲಗಡೆಯ ಅಂಚಿನಲ್ಲಿ ಹುಡುಗಿಯೊಬ್ಬಳು ಬೆನ್ನು ತಿರುಗಿಸಿ ನಡೆದುಹೋಗುತ್ತಿದ್ದಾಳೆ. ಸಭೆಗೆ ಅವಳನ್ನು ಕರೆದಿಲ್ಲ. ದಿನಚರಿಯನ್ನು ಓದಿದವರಿಗೆ ಆ ಪುಟ್ಟ ಬೆನ್ನು ಆರು ಹುಡುಗರ ಮುಖಗಳಿಗಿಂತ ಹೆಚ್ಚು ಹೇಳುತ್ತದೆ. 1884ರ ಸಲೋನಿನಲ್ಲಿ ಈ ಚಿತ್ರವನ್ನು ತೂಗುಹಾಕಿದರು. ಸಲೋನ್ ಎಂದರೆ ನಮ್ಮೂರಿನ ಸಲೂನಲ್ಲ. ಪ್ಯಾರಿಸ್ಸಿನಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ದೊಡ್ಡ ಚಿತ್ರಪ್ರದರ್ಶನ. ಪದಕ ಬರಲಿಲ್ಲ, ಅವಳು ಬಹಳ ನೊಂದುಕೊಂಡಳು. ಈಗ ಆ ಚಿತ್ರ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನನ್ನು ಬಹುವಾಗಿ ಕಾಡುವ ಸಂಗತಿಗೆ ಬರುತ್ತೇನೆ. 1884ರ ಮೇ ತಿಂಗಳಲ್ಲಿ ಮರಿಯಾ ತನ್ನ ದಿನಚರಿಗೆ ತಾನೇ ಮುನ್ನುಡಿ ಬರೆದಳು. ಬೇಗ ಸತ್ತರೆ ಇದನ್ನು ಪ್ರಕಟಿಸಬೇಕು, ಇದರಲ್ಲಿರುವುದೆಲ್ಲ ಸಂಪೂರ್ಣ ಸತ್ಯ, ಅದೇ ಇದರ ಬೆಲೆ ಎಂಬುದು ಅದರ ಸಾರ. ಮೂರು ವರ್ಷಗಳ ನಂತರ ಆಂದ್ರೆ ತೆರಿಯೆ ಸಂಪಾದಿಸಿದ ಪುಸ್ತಕ ಹೊರಬಂದಾಗ ಆ ಸತ್ಯಕ್ಕೆ ಚೆನ್ನಾಗಿ ಕತ್ತರಿ ಬಿದ್ದಿತ್ತು. ಮನೆತನದ ಜಗಳ, ಮುಜುಗರದ ಮಾತು ಹೋದವು. ಅದು ಅರ್ಥವಾಗುವಂಥದು, ಯಾರ ಮನೆಯಲ್ಲಾದರೂ ಹಾಗೆ ಮಾಡುತ್ತಿದ್ದರು. ಆದರೆ ಅವಳ ವಯಸ್ಸಿಗೂ ಕೈಹಾಕಿದ್ದರು. 1858ರಲ್ಲಿ ಹುಟ್ಟಿದವಳು 1860ರಲ್ಲಿ ಹುಟ್ಟಿದವಳಾದಳು. ಎರಡು ವರ್ಷ ಚಿಕ್ಕವಳಾದದ್ದರಿಂದ ಅವಳ ಪ್ರತಿಭೆ ಎರಡು ಪಟ್ಟು ಬೆರಗಿನದಾಗಿ ಕಂಡಿತು. ಬಾಲಪ್ರತಿಭೆ ಎಂದರೆ ಜನಕ್ಕೆ ಯಾವತ್ತೂ ಇಷ್ಟ.

ನೋಡಲಿಕ್ಕೆ ಇದು ಸಣ್ಣ ಸುಳ್ಳು. ಆದರೆ ವಿದ್ಯಾರ್ಥಿನಿಯ ದಿನಚರಿಯಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ಇನ್ನಿಲ್ಲ ಎನಿಸುತ್ತದೆ ನನಗೆ. ತಡವಾಗಿ ಶುರುಮಾಡಿದೆ ಎಂಬ ಆತಂಕವೇ ಅವಳನ್ನು ದಿನಕ್ಕೆ ಎಂಟು ಹತ್ತು ಗಂಟೆ ದುಡಿಸಿದ್ದು. ಆ ವರ್ಷಗಳನ್ನು ಕಳೆದುಬಿಟ್ಟರೆ ದುಡಿಮೆಯ ಬೆಲೆಯೂ ಕಳೆದುಹೋಗುತ್ತದೆ. ಕಷ್ಟಪಟ್ಟು ಕಲಿತವಳನ್ನು ಹುಟ್ಟಿನಿಂದಲೇ ಬಲ್ಲವಳನ್ನಾಗಿ ಮಾಡಿದರು. ಅವಳ ಮೂಲ ನೋಟ್‌ಬುಕ್ಕುಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿದ್ದುದರಿಂದ ನಿಜ ಹೊರಬಂತು. 1995ರಿಂದ 2005ರವರೆಗೆ ಹದಿನಾರು ಸಂಪುಟಗಳಲ್ಲಿ ಪೂರ್ಣಪಾಠ ಫ್ರೆಂಚಿನಲ್ಲಿ ಪ್ರಕಟವಾಯಿತು. ಸತ್ತು ನೂರು ವರ್ಷ ದಾಟಿದ ಮೇಲೆ ಅವಳಿಗೆ ಅವಳ ವಯಸ್ಸು ವಾಪಸು ಸಿಕ್ಕಿತು.

ಇದು ಪ್ಯಾರಿಸ್ಸಿನ ಹಳೆಯ ಕಥೆಯಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಶಾಲೆಗಳಲ್ಲಿ ನಾವು ದಿನವೂ ಮಾಡುವುದು ಇದನ್ನೇ ಅಲ್ಲವೆ? ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ರಫ್ ವರ್ಕ್ ಮಾಡಿ, ಆಮೇಲೆ ಅದಕ್ಕೊಂದು ಅಡ್ಡಗೀರು ಎಳೆಯುತ್ತಾರೆ ಮಕ್ಕಳು. ಆ ಗೀರಿನ ಕೆಳಗೆ ಇರುವುದು ಅವರ ಯೋಚನೆ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟುವ ಹುಡುಗಿಯರು ನಮ್ಮಲ್ಲಿ ಪ್ರತಿವರ್ಷ ಕೆಲವರಿರುತ್ತಾರೆ. ಒಂಬತ್ತನೆಯ ತರಗತಿಯ ಒಬ್ಬಳು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ತನ್ನ ಅಜ್ಜಿಯ ಚಿತ್ರ ಬರೆದು ತಂದಿದ್ದಳು. ಅಜ್ಜಿಯ ಬಲಗೈ ಬಹಳ ಚೆನ್ನಾಗಿ ಬಂದಿತ್ತು. “ಕೈ ಎಷ್ಟು ಸಲ ಬರೆದೆ?” ಎಂದು ಕೇಳಿದೆ. “ಏಳೆಂಟು ಸಲ, ಮೇಡಂ.” “ಅವೆಲ್ಲ ಎಲ್ಲಿ?” “ಬಚ್ಚಲ ಒಲೆಗೆ ಹಾಕಿದೆ. ಚೆನ್ನಾಗಿರಲಿಲ್ಲ.” ಅವಳ ದನಿಯಲ್ಲಿ ದುಃಖವೇನೂ ಇರಲಿಲ್ಲ, ಮನೆ ಚೊಕ್ಕಟ ಮಾಡಿದ ಸಮಾಧಾನವಿತ್ತು. ಆ ಏಳು ಕೈಗಳಿಲ್ಲದೆ ಎಂಟನೆಯ ಕೈ ಬರುತ್ತಿರಲಿಲ್ಲ ಎಂಬುದನ್ನು ಅವಳಿಗೆ ಹೇಳಿಕೊಟ್ಟವರಾರು? ಹೆಣ್ಣುಮಕ್ಕಳಿಗಂತೂ ನಾವು ಚಿಕ್ಕಂದಿನಿಂದ ಹೇಳಿಕೊಡುವುದು ಬೇರೆಯೇ: ನಾಲ್ಕು ಜನರ ಮುಂದೆ ಬರುವಾಗ ಎಲ್ಲ ಮುಗಿದಿರಬೇಕು, ಹಿಟ್ಟಿನ ಕೈ ತೊಳೆದಿರಬೇಕು, ಸೆರಗು ಸರಿಯಾಗಿರಬೇಕು.

ಮರಿಯಾಳನ್ನು ಹೊಗಳುವಾಗ ಅವಳ ಮಿತಿಗಳನ್ನು ಮರೆಯಬೇಕಾಗಿಲ್ಲ. ಹಣದ ಚಿಂತೆಯಿಲ್ಲದವಳು ಅವಳು; ಬಣ್ಣಕ್ಕಾಗಲಿ ಮಾದರಿಗಾಗಲಿ ಖರ್ಚು ನೋಡಬೇಕಾಗಿರಲಿಲ್ಲ. ಸಹಪಾಠಿ ಲೂಯೀಸ್ ಬ್ರೆಸ್ಲೌ ಬಗ್ಗೆ ಅವಳು ಪಡುವ ಹೊಟ್ಟೆಕಿಚ್ಚು ಕೆಲವೆಡೆ ಓದಲಿಕ್ಕೆ ಕಷ್ಟವಾಗುವಷ್ಟಿದೆ. ಆದರೆ ಅದನ್ನೂ ಅವಳು ಮುಚ್ಚಿಡಲಿಲ್ಲ, ಬ್ರೆಸ್ಲೌ ತನಗಿಂತ ಮುಂದಿದ್ದಾಳೆ ಎಂಬುದನ್ನೂ ಮುಚ್ಚಿಡಲಿಲ್ಲ. ಬ್ರೆಸ್ಲೌ 1927ರವರೆಗೆ ಬದುಕಿ, ಸತತವಾಗಿ ಚಿತ್ರ ಬರೆದು, 1901ರಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವವನ್ನೂ ಪಡೆದವರು. ಚಿತ್ರಕಾರ್ತಿಯಾಗಿ ತೂಗಿ ನೋಡಿದರೆ ಅವರ ತಕ್ಕಡಿಯೇ ಕೆಳಗಿಳಿದೀತು. ಆದರೂ ಕಲಿಯುವ ಹುಡುಗಿಯೊಬ್ಬಳು ತನ್ನ ಸಂಕಟಕ್ಕೆ ಜೊತೆ ಹುಡುಕಿದರೆ ಸಿಗುವವಳು ಮರಿಯಾ.

ನಮ್ಮವರೇ ಆದ ಅಮೃತಾ ಶೇರ್‌ಗಿಲ್ 1929ರಲ್ಲಿ ಕಲಿಯಲು ಪ್ಯಾರಿಸ್ಸಿಗೆ ಹೋಗುವ ಹೊತ್ತಿಗೆ ಮರಿಯಾಳಿಗೆ ಮುಚ್ಚಿದ್ದ ಬೋಜಾರ್ ಬಾಗಿಲು ತೆರೆದಿತ್ತು. ಆಕೆಯೂ 1941ರಲ್ಲಿ ಲಾಹೋರಿನಲ್ಲಿ ಇಪ್ಪತ್ತೆಂಟಕ್ಕೇ ತೀರಿಕೊಂಡರು, ಒಂದು ಚಿತ್ರವನ್ನು ಅರ್ಧಕ್ಕೆ ಬಿಟ್ಟು. ಅದು ಇಂದು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ. ಅರ್ಧವಾದದ್ದನ್ನು ಅರ್ಧವೆಂದೇ ಉಳಿಸಿಕೊಂಡದ್ದು ಒಳ್ಳೆಯ ಕೆಲಸ.

ಮರಿಯಾ ಕೊನೆಯ ತಿಂಗಳುಗಳಲ್ಲಿ ಬರೆಯಬೇಕೆಂದಿದ್ದುದು ಬೀದಿಯ ಬೆಂಚೊಂದರ ಮೇಲೆ ಕೂತ ಸಾಮಾನ್ಯ ಜನರ ಚಿತ್ರ. ಅದು ಮುಗಿಯಲಿಲ್ಲ. ಮುಗಿದ ಚಿತ್ರಗಳಲ್ಲೂ ಅನೇಕವು ಎರಡನೆಯ ಮಹಾಯುದ್ಧದಲ್ಲಿ ನಾಶವಾದವು. ಪ್ಯಾರಿಸ್ಸಿನ ಪಾಸಿ ಸ್ಮಶಾನದಲ್ಲಿ ಅವಳಿಗೆ ಸ್ಟುಡಿಯೋದ ರೂಪದ ದೊಡ್ಡ ಸಮಾಧಿಯನ್ನೇ ಕಟ್ಟಿಸಿದ್ದಾರೆ. ಆದರೆ ಚಿತ್ರಗಳು ಸುಟ್ಟರೂ ಅವನ್ನು ಬರೆಯುವಾಗ ಪಟ್ಟ ಪಾಡು ಕಾಗದದ ಮೇಲೆ ಉಳಿಯಿತು. ಇದನ್ನು ಓದುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ, ತಾಯಂದಿರಿಗೆ ನನ್ನದೊಂದು ವಿನಂತಿ. ಮಗು ಚಿತ್ರ ತಂದು ತೋರಿಸಿದಾಗ “ಚೆನ್ನಾಗಿದೆ” ಎಂದಷ್ಟೇ ಹೇಳಿ ಕಳಿಸಬೇಡಿ. ಇದಕ್ಕೆ ಮೊದಲು ಬರೆದವನ್ನೂ ತಾ ಎನ್ನಿ. ಹಿಂದೆ ತಾರೀಕು ಹಾಕಿಸಿ, ಎಲ್ಲಿ ಕೈ ತಡೆಯಿತು ಎಂಬುದನ್ನು ಎರಡು ಸಾಲು ಬರೆಸಿ, ಒಂದು ಫೈಲಿನಲ್ಲಿ ಕಟ್ಟಿಡಿ. ಬಚ್ಚಲ ಒಲೆಗೆ ಹಾಕಲು ಅಡಿಕೆ ಸಿಪ್ಪೆ, ತೆಂಗಿನ ಗರಿ ನಮ್ಮ ಕಡೆ ಬೇಕಾದಷ್ಟಿವೆ.