ಎರಡು ತೋಟಾ, ಏಳು ಕೋಟಿ

ಎಟಿಎಂಗೆ ಹಣ ತುಂಬುವ ವ್ಯಾನು ಬಂದು ನಿಂತರೆ ಮೊದಲು ಇಳಿಯುವವನು ಗನ್‌ಮ್ಯಾನ್. ಹೆಗಲಲ್ಲಿ ಡಬಲ್ ಬ್ಯಾರಲ್ ಬಂದೂಕು, ಸೊಂಟದಲ್ಲಿ ತೋಟಾ ಸಿಕ್ಕಿಸಿದ ಬೆಲ್ಟು. ನಮ್ಮ ಊರುಗಳಲ್ಲಿ ಪೊಲೀಸರನ್ನು ಬಿಟ್ಟರೆ ದಿನದ ದುಡಿಮೆಗೆ ಬಂದೂಕು ಹೊತ್ತು ಹೋಗುವವರೆಂದರೆ ಇಂಥವರೇ: ಬ್ಯಾಂಕು, ಚಿನ್ನದಂಗಡಿ, ಕ್ಯಾಶ್ ವ್ಯಾನುಗಳ ಕಾವಲುಗಾರರು. ಎಲ್ಲಾದರೂ ದರೋಡೆಯಾದಾಗ ಗನ್‌ಮ್ಯಾನ್ ಇದ್ದನೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಾರೆ. ಇದ್ದಿದ್ದರೆ ಅವನಿಂದ ಏನಾಗುತ್ತಿತ್ತು ಎಂದು ಕೇಳುವವರು ಕಡಿಮೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈಗಿರುವ ಪದ್ಧತಿಯಲ್ಲಿ ಆ ಬಂದೂಕು ಹಣವನ್ನು ಅರೆಬರೆಯಾಗಿ ಕಾಯುತ್ತದೆ, ಅದನ್ನು ಹೊತ್ತ ಮನುಷ್ಯನನ್ನು ಕಾಯುವುದೇ ಇಲ್ಲ.

2025ರಲ್ಲಿ ಕರ್ನಾಟಕ ಕಂಡ ಎರಡು ದರೋಡೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಜನವರಿ 16ರ ಬೆಳಿಗ್ಗೆ ಬೀದರಿನಲ್ಲಿ, ಎಸ್‌ಬಿಐ ಶಾಖೆಯ ಮುಂದೆ ಹಣದ ಪೆಟ್ಟಿಗೆಯನ್ನು ವ್ಯಾನಿಗೆ ಸಾಗಿಸುವ ಹೊತ್ತಿಗೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಹಣ ಸಾಗಿಸುತ್ತಿದ್ದ ಸಿಬ್ಬಂದಿಯಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. 80 ಲಕ್ಷ ರೂಪಾಯಿಗೂ ಮಿಕ್ಕಿದ ಹಣವಿದ್ದ ಪೆಟ್ಟಿಗೆಯನ್ನು ಬೈಕಿನ ಮೇಲಿಟ್ಟುಕೊಂಡು ಹೋದ ಆ ಇಬ್ಬರು ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಮತ್ತೊಮ್ಮೆ ಗುಂಡು ಹಾರಿಸಿದರು. ವ್ಯಾನಿನ ಜೊತೆ ಬಂದೂಕಿನ ಕಾವಲು ಇರಲಿಲ್ಲ ಎಂಬ ಆಕ್ಷೇಪ ಆಮೇಲೆ ಜೋರಾಗಿ ಕೇಳಿಬಂತು.

ನವೆಂಬರ್ 19ರಂದು ಬೆಂಗಳೂರಿನಲ್ಲಿ ಆ ಕೊರತೆ ಇರಲಿಲ್ಲ. ಜೆ.ಪಿ. ನಗರದಿಂದ ಹೊರಟ ವ್ಯಾನಿನಲ್ಲಿ ಇಬ್ಬರು ಗನ್‌ಮ್ಯಾನ್‌ಗಳಿದ್ದರು. ಜಯನಗರದ ಅಶೋಕ ಪಿಲ್ಲರ್ ಬಳಿ ಕಾರಿನಲ್ಲಿ ಬಂದವರು ತಾವು ರಿಸರ್ವ್ ಬ್ಯಾಂಕಿನವರು, ದಾಖಲೆ ಪರಿಶೀಲಿಸಬೇಕು ಎಂದರು. ಗನ್‌ಮ್ಯಾನ್‌ಗಳನ್ನು ವ್ಯಾನಿನಿಂದ ಬೇರೆ ಮಾಡಿ, ಚಾಲಕನನ್ನು ಬೆದರಿಸಿ ಡೇರಿ ವೃತ್ತದ ಮೇಲ್ಸೇತುವೆಯವರೆಗೆ ವ್ಯಾನು ಓಡಿಸಿಕೊಂಡು ಹೋಗಿ 7.11 ಕೋಟಿ ರೂಪಾಯಿಯನ್ನು ತಮ್ಮ ಕಾರಿಗೆ ಹಾಕಿಕೊಂಡರು. ಕಾವಲಿನವರ ಕಡೆಯಿಂದ ಒಂದು ಗುಂಡೂ ಹಾರಲಿಲ್ಲ. ಮುಂದೆ ಪೊಲೀಸರು ಬಂಧಿಸಿದವರಲ್ಲಿ ಒಬ್ಬ ಕಾನ್‌ಸ್ಟೇಬಲ್ ಇದ್ದ, ಹಣ ಸಾಗಿಸುವ ಅದೇ ಕಂಪನಿಯ ಮಾಜಿ ನೌಕರನೂ ಇದ್ದ.

ಬಂದೂಕಿನ ಪರವಾಗಿ ಹೇಳಬಹುದಾದ ನಿಜವಾದ ಮಾತು ಒಂದಿದೆ, ಅದನ್ನು ತಳ್ಳಿಹಾಕಬಾರದು. ಹೆಗಲ ಮೇಲಿನ ಬಂದೂಕು ಕಂಡರೆ ಅರೆಮನಸ್ಸಿನ ಕಳ್ಳ ಹಿಂದೆ ಸರಿಯುತ್ತಾನೆ. ಮಚ್ಚು ಹಿಡಿದು ಬರುವವನಿಗೆ ಅದು ನಿಜವಾದ ತಡೆ. 2013ರ ನವೆಂಬರಿನಲ್ಲಿ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂನೊಳಗೆ ಒಬ್ಬ ಮಹಿಳೆಯ ಮೇಲೆ ಮಚ್ಚಿನ ದಾಳಿ ನಡೆದಾಗ ಅಲ್ಲಿ ಕಾವಲೇ ಇರಲಿಲ್ಲ. ಕೋಲು ಹಿಡಿದ ಒಬ್ಬ ಮನುಷ್ಯ ಬಾಗಿಲಲ್ಲಿ ಕೂತಿದ್ದರೂ ಆ ದಾಳಿ ನಡೆಯುತ್ತಿರಲಿಲ್ಲವೇನೋ. ಆದರೆ ವಾರಗಟ್ಟಲೆ ಹೊಂಚು ಹಾಕಿ, ವ್ಯಾನು ಎಷ್ಟು ಹೊತ್ತಿಗೆ ಎಲ್ಲಿ ನಿಲ್ಲುತ್ತದೆ ಎಂದು ತಿಳಿದುಕೊಂಡು ಬರುವವನ ಲೆಕ್ಕದಲ್ಲಿ ಗನ್‌ಮ್ಯಾನ್ ಮೊದಲೇ ಸೇರಿರುತ್ತಾನೆ. ಅಂಥವನು ಒಂದೋ ಸುಳ್ಳು ಹೇಳಿ ಬಂದೂಕನ್ನು ದೂರ ಸರಿಸುತ್ತಾನೆ, ಇಲ್ಲವೇ ಬಂದೂಕು ಹಿಡಿದವನಿಗೇ ಮೊದಲ ಗುಂಡು ಹೊಡೆಯುತ್ತಾನೆ. ಬೀದರಿನಲ್ಲಿ ಗನ್‌ಮ್ಯಾನ್ ಇದ್ದಿದ್ದರೆ ಆ ಸಾವು ತಪ್ಪುತ್ತಿತ್ತು ಎಂದು ನನಗೆ ನಂಬಿಕೆಯಿಂದ ಹೇಳಲಾಗುವುದಿಲ್ಲ. ಹೆಣಗಳು ಎರಡಾಗುತ್ತಿದ್ದವು ಎಂಬ ಭಯವೂ ಅಷ್ಟೇ ಬಲವಾಗಿದೆ.

ಆ ಬಂದೂಕನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಕಾಣುವುದು 12 ಬೋರಿನ ಒಂಟಿ ನಳಿಗೆಯದು ಅಥವಾ ಜೋಡಿ ನಳಿಗೆಯದು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಬೆಳೆ ಕಾಯಲು ಮನೆಯಲ್ಲಿಟ್ಟುಕೊಳ್ಳುವ ಕೋವಿಯೂ ಬಹುಪಾಲು ಇದೇ ಬಗೆಯದು. ಒಂದೋ ಎರಡೋ ಗುಂಡು ಹಾರಿದ ಮೇಲೆ ಮುರಿದು ತೆರೆದು, ಖಾಲಿ ತೋಟಾ ತೆಗೆದು, ಹೊಸದನ್ನು ತುಂಬಬೇಕು. ಗದ್ದೆಯಂಚಿನಲ್ಲಿ ಕೂತು ಹಂದಿ ಓಡಿಸುವವನಿಗೆ ಅದು ಸಾಕು; ಅವನ ಮುಂದೆ ಇರುವುದು ಕತ್ತಲು ಮತ್ತು ಪೈರು. ಎಟಿಎಂ ಮುಂದೆ ನಿಂತವನ ಕಣ್ಣೆದುರಿಗೆ ಬಸ್ ನಿಲ್ದಾಣವಿದೆ, ಎಳನೀರಿನ ಗಾಡಿಯಿದೆ, ಶಾಲೆ ಬಿಟ್ಟ ಮಕ್ಕಳಿದ್ದಾರೆ. ತೋಟಾದೊಳಗಿನ ಚರೆಗಳು ದೂರ ಹೋದಷ್ಟೂ ಹರಡುತ್ತವೆ. ಬೈಕಿನಲ್ಲಿ ಓಡುತ್ತಿರುವ ಇಬ್ಬರಿಗೆ ಹೊಡೆಯಲು ಹೋದರೆ ದಾರಿಹೋಕ ಯಾರಿಗೆ ತಗುಲುತ್ತದೋ ಹೇಳಲಾಗದು. ಉದ್ದನೆಯ ನಳಿಗೆಯನ್ನು ವ್ಯಾನಿನ ಇಕ್ಕಟ್ಟಿನಲ್ಲಿ ತಿರುಗಿಸುವುದೂ ಸುಲಭವಲ್ಲ. ಎದುರಿಗೆ ಬರುವವನ ಕೈಯಲ್ಲಿ ಅಂಗಿಯೊಳಗೆ ಅಡಗುವ ಪಿಸ್ತೂಲು ಇರುತ್ತದೆ.

ಕಾನೂನು ಗನ್‌ಮ್ಯಾನ್‌ಗೆ ಏನು ಹೇಳುತ್ತದೆ? ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕೊಡುತ್ತವೆ. ತನ್ನ ಮೈಯನ್ನಷ್ಟೇ ಅಲ್ಲದೆ ಪರರ ಮೈಯನ್ನೂ, ತನ್ನ ಅಥವಾ ಪರರ ಸ್ವತ್ತನ್ನೂ ಕಾಯುವ ಹಕ್ಕು ಅದು. 41ನೇ ಕಲಮಿನ ಪ್ರಕಾರ ಸುಲಿಗೆಯನ್ನು ತಡೆಯುವಾಗ ಸುಲಿಗೆಕಾರ ಸತ್ತರೂ ಆ ಹಕ್ಕಿನ ವ್ಯಾಪ್ತಿಗೆ ಬರಬಹುದು. ಜೊತೆಗೇ 37ನೇ ಕಲಮು ಕಟ್ಟು ಹಾಕುತ್ತದೆ: ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೆಟ್ಟಿಗೆ ಕಸಿದು ಬೆನ್ನು ತಿರುಗಿಸಿ ಓಡುವವನಿಗೆ ಹೊಡೆದರೆ ಅದು ಅಗತ್ಯವೋ ಅಲ್ಲವೋ ಎಂದು ಮುಂದೆ ಕೋರ್ಟಿನಲ್ಲಿ ವಾದ ನಡೆಯುತ್ತದೆ. ಅಲ್ಲಿಯವರೆಗೆ ಬಂದೂಕು ಮುದ್ದೆಮಾಲಾಗಿ ಪೊಲೀಸರ ವಶದಲ್ಲಿ, ಗನ್‌ಮ್ಯಾನ್ ಪ್ರಕರಣದಲ್ಲಿ.

ಆ ಬಂದೂಕು ಬಹಳಷ್ಟು ಸಲ ಅವನದೇ. ಈ ಪದ್ಧತಿಯಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಇದು. ಕೆಲಸದ ಜಾಹೀರಾತಿನಲ್ಲೇ 'ಲೈಸೆನ್ಸ್ ಇರುವ ಗನ್ ಹೊಂದಿದವರು ಬೇಕು' ಎಂದಿರುತ್ತದೆ. ಊರಿನಲ್ಲಿ ಆತ್ಮರಕ್ಷಣೆಗೆಂದು ತನ್ನ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಂಡ ಮಾಜಿ ಸೈನಿಕ, ಇಲ್ಲವೇ ಉತ್ತರದ ರಾಜ್ಯದಿಂದ ಹೊಟ್ಟೆಪಾಡಿಗೆ ಬಂದ ತರುಣ ತನ್ನ ಬಂದೂಕಿನ ಜೊತೆ ಕೆಲಸಕ್ಕೆ ಸೇರುತ್ತಾನೆ. ಅಂದರೆ ಕೆಲಸ ಸಿಗುವುದು ಬಂದೂಕಿಗೆ, ಮನುಷ್ಯ ಅದರ ಹಿಂದೆ ಬರುತ್ತಾನೆ. ತನ್ನ ಜೀವ ಕಾಯಲು ಸರ್ಕಾರ ಅನುಮತಿ ಕೊಟ್ಟ ಆಯುಧವನ್ನು ಅವನು ಪರರ ಕೋಟಿಗಳ ಮುಂದೆ ಹಿಡಿದು ನಿಲ್ಲುತ್ತಾನೆ, ಅದರಿಂದಲೇ ಅವನ ಜೀವ ಹೆಚ್ಚಿನ ಅಪಾಯಕ್ಕೆ ಸಿಕ್ಕುತ್ತದೆ. ಗುಂಡು ಹಾರಿಸದಿದ್ದರೆ ಕೆಲಸ ಹೋದೀತು. ಹಾರಿಸಿದರೆ ಬಂದೂಕು ಹೋಗುತ್ತದೆ, ಬಂದೂಕಿಲ್ಲದೆ ಮುಂದಿನ ಕೆಲಸವೂ ಇಲ್ಲ.

ತರಬೇತಿಯ ಮಾತು ಬೇಗ ಮುಗಿಯುತ್ತದೆ, ಏಕೆಂದರೆ ಹೇಳಲು ಹೆಚ್ಚೇನೂ ಇಲ್ಲ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಬಂದ ಕೇಂದ್ರದ ಮಾದರಿ ನಿಯಮಗಳು ಕಾವಲುಗಾರನಿಗೆ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಎನ್ನುತ್ತವೆ. ಸೈನ್ಯ, ಪೊಲೀಸಿನಿಂದ ಬಂದವರಿಗೆ ಇನ್ನೂ ಕಡಿಮೆ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಗುರುತಿನ ಚೀಟಿ ಪರೀಕ್ಷೆ, ಜನಸಂದಣಿ ನಿಭಾಯಿಸುವುದು ಎಲ್ಲವೂ ಆ 160 ಗಂಟೆಯೊಳಗೆ. ಆಯುಧ ಬಳಸುವ ತರಬೇತಿ ಅಲ್ಲಿ ಐಚ್ಛಿಕ ಮಾತ್ರ. ಬೆಂಗಳೂರಿನ ಪ್ರಕರಣದಲ್ಲಿ ಬೇಕಾಗಿದ್ದದ್ದು ಗುರಿಕಾರಿಕೆಯಲ್ಲ. ನಡುದಾರಿಯಲ್ಲಿ ಯಾವ ಅಧಿಕಾರಿ ಬಂದರೂ ಕಂಟ್ರೋಲ್ ರೂಮಿಗೆ ಫೋನು ಮಾಡಿ ಖಚಿತಪಡಿಸಿಕೊಳ್ಳದೆ ವ್ಯಾನು ಬಿಟ್ಟಿಳಿಯಬಾರದು ಎಂಬ ರೂಢಿ ಬೇಕಿತ್ತು. ಅದನ್ನು ಕಲಿಸಲು ಬಂದೂಕು ಬೇಡ.

ನಿಯಮ ಇಲ್ಲವೆಂದಲ್ಲ. ಹಣ ಸಾಗಾಟದ ಬಗ್ಗೆ ಕೇಂದ್ರ ಗೃಹ ಸಚಿವಾಲಯ 2018ರಲ್ಲಿ ತಂದ ನಿಯಮಗಳು ಚೆನ್ನಾಗಿಯೇ ಇವೆ. ಒಂದು ವ್ಯಾನಿನಲ್ಲಿ 5 ಕೋಟಿಗಿಂತ ಹೆಚ್ಚು ಹಣ ಇರಬಾರದು. ಚಾಲಕನಲ್ಲದೆ ಇಬ್ಬರು ಬಂದೂಕಿನ ಕಾವಲುಗಾರರು, ಇಬ್ಬರು ಎಟಿಎಂ ಸಿಬ್ಬಂದಿ ಇರಬೇಕು. ನಗರದಲ್ಲಿ ರಾತ್ರಿ 9ರ ನಂತರ, ಹಳ್ಳಿಯಲ್ಲಿ ಸಂಜೆ 6ರ ನಂತರ ಹಣ ತುಂಬಬಾರದು. ಊಟ, ಚಹಾಕ್ಕೆ ಹೋದಾಗಲೂ ಒಬ್ಬ ಗನ್‌ಮ್ಯಾನ್ ವ್ಯಾನಿನ ಬಳಿಯೇ ನಿಲ್ಲಬೇಕು. ಈ ಪಟ್ಟಿಯಲ್ಲಿ ಸುಲಭವಾಗಿ ಪಾಲಿಸಬಹುದಾದದ್ದೇ 5 ಕೋಟಿಯ ಮಿತಿ. ಬೆಂಗಳೂರಿನ ವ್ಯಾನಿನಲ್ಲಿ ಬಂದೂಕು ಎರಡಿದ್ದವು, ಹಣ ಏಳು ಕೋಟಿ ಇತ್ತು. ಎಟಿಎಂನಲ್ಲಿ ನೋಟು ಎಣಿಸಿ ತುಂಬುವ ಬದಲು ಬೀಗ ಹಾಕಿದ ಕ್ಯಾಸೆಟ್ ಬದಲಿಸುವ ಪದ್ಧತಿಗೆ ಹೋಗಿ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿತ್ತು. ಅದರ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕ್ಯಾಸೆಟ್ಟಿಗೆ ಖರ್ಚಿದೆ. ಸ್ವಂತ ಬಂದೂಕು ತರುವ ಗನ್‌ಮ್ಯಾನ್ ಅಗ್ಗ.

ಬಂದೂಕು ಸುಮ್ಮನೆ ಹೆಗಲಲ್ಲಿದ್ದರೆ ಯಾರಿಗೇನು ನಷ್ಟ ಎನ್ನುವವರಿಗೆ 2021ರ ಜೂನ್‌ನಲ್ಲಿ ಬರೇಲಿಯ ಬ್ಯಾಂಕೊಂದರಲ್ಲಿ ನಡೆದದ್ದನ್ನು ನೆನಪಿಸಬೇಕು. ಮಾಸ್ಕಿನ ವಿಷಯಕ್ಕೆ ಎದ್ದ ಜಗಳದಲ್ಲಿ ಕಾವಲುಗಾರ ಗ್ರಾಹಕನ ಕಾಲಿಗೇ ಗುಂಡು ಹೊಡೆದ. ಕೆಲಸದ ಜಾಗಕ್ಕೆ ಬಂದೂಕು ತರಲು ಕೆಲವು ಕಡೆ ಅವಕಾಶವಿರುವ ಅಮೆರಿಕದಲ್ಲಿ ಇದರ ಅಧ್ಯಯನವೂ ನಡೆದಿದೆ. ನಾರ್ತ್ ಕೆರೊಲಿನಾ ರಾಜ್ಯದ ಕೆಲಸದ ಜಾಗಗಳ ಬಗ್ಗೆ 2005ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಆಯುಧ ನಿಷೇಧಿಸಿದ ಜಾಗಗಳಿಗೆ ಹೋಲಿಸಿದರೆ ಬಂದೂಕಿಗೆ ಅವಕಾಶವಿದ್ದ ಜಾಗಗಳಲ್ಲಿ ಕೊಲೆ ನಡೆಯುವ ಸಂಭವ ಸುಮಾರು ಐದು ಪಟ್ಟು ಎಂದು ಕಂಡುಬಂತು. ಮೊದಲೇ ಅಪಾಯವಿದ್ದ ಕಡೆಯೇ ಬಂದೂಕು ಬಂದಿರಬಹುದು ಎಂಬ ಪ್ರಶ್ನೆ ಇದ್ದೇ ಇದೆ. ಆದರೂ ಬಂದೂಕು ಬಂದೊಡನೆ ಅಪಾಯ ಇಳಿಯುತ್ತದೆ ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗುವುದಿಲ್ಲ.

ಬ್ರಿಟನ್ನಿನಲ್ಲಿ ಹಣದ ವ್ಯಾನಿನವರ ಕೈಯಲ್ಲಿ ಬಂದೂಕಿಲ್ಲ. ಪೆಟ್ಟಿಗೆಯನ್ನು ಒಡೆದರೆ ಒಳಗಿನ ನೋಟುಗಳ ಮೇಲೆ ಅಳಿಸಲಾಗದ ಬಣ್ಣ ಚೆಲ್ಲುತ್ತದೆ. ಕದ್ದವನಿಗೆ ಅದನ್ನು ಚಲಾವಣೆಗೆ ತರುವುದು ಕಷ್ಟ. ಅಲ್ಲಿ ದರೋಡೆ ನಿಂತುಹೋಗಿದೆ ಎಂದೇನೂ ಅಲ್ಲ. ಆದರೆ ಅಲ್ಲಿ ಹಣವನ್ನು ಕಾಯುವ ಹೊಣೆ ಪೆಟ್ಟಿಗೆಯ ಮೇಲಿದೆ. ನಾವು ಅದನ್ನು ಮನುಷ್ಯನ ಎದೆಯ ಮೇಲೆ ಹೇರಿದ್ದೇವೆ.

ನಾಳೆಯೇ ಎಲ್ಲ ಬಂದೂಕು ಇಳಿಸಿ ಎಂದು ನಾನು ಹೇಳುತ್ತಿಲ್ಲ. ಪಿಸ್ತೂಲು ಹಿಡಿದ ಕಳ್ಳರಿರುವ ಊರಿನಲ್ಲಿ ಅದು ಆಗದ ಮಾತು. ಬಂದೂಕು ಬೇಕೇ ಬೇಕು ಎನ್ನುವ ಬ್ಯಾಂಕು ಮತ್ತು ಕಂಪನಿ ಅದನ್ನು ತಮ್ಮ ಹೆಸರಿನ ಲೈಸೆನ್ಸಿನಲ್ಲಿ ತಾವೇ ಕೊಳ್ಳಲಿ, ಗುಂಡು ತಡೆಯುವ ಕವಚ ಕೊಡಲಿ, ವರ್ಷಕ್ಕೊಮ್ಮೆಯಾದರೂ ಗುರಿ ಅಭ್ಯಾಸ ಮಾಡಿಸಲಿ, ಗುಂಡು ಹಾರಿಸಿ ಪ್ರಕರಣಕ್ಕೆ ಸಿಕ್ಕಿದವನಿಗೆ ವಕೀಲರನ್ನೂ ಸಂಬಳವನ್ನೂ ಕೊಡಲಿ. ಡ್ಯೂಟಿಗೆ ಹಾಕುವಾಗ ಅವನ ಕೈಗೆ ಅವನ ಭಾಷೆಯಲ್ಲಿ ಬರೆದ ಆದೇಶ ಕೊಡಲಿ: ಜೀವಕ್ಕೆ ಕುತ್ತು ಬಂದರೆ ಪೆಟ್ಟಿಗೆ ಬಿಟ್ಟುಬಿಡು, ಹೋದ ಹಣದ ಲೆಕ್ಕವನ್ನು ನಿನ್ನ ಹತ್ತಿರ ಯಾರೂ ಕೇಳುವುದಿಲ್ಲ. ಈ ಮಾತಿನ ಕೆಳಗೆ ಮ್ಯಾನೇಜರರ ಸಹಿ ಇರಲಿ.