ಗೋಶಾಲೆಯ ಬಾಗಿಲಲ್ಲೇ ನಿಂತ ಕಾನೂನು

ಪ್ರಾಣಿರಕ್ಷಣೆಗೆ ಕಾನೂನಿನ ಬಲ ಬೇಕೆಂಬುದರಲ್ಲಿ ಶ್ರಾವಕರಾದ ನಮಗೆ ಎರಡು ಮಾತಿಲ್ಲ. ಆದರೆ ಕಸಾಯಿಖಾನೆಯಿಂದ ಬಿಡಿಸಿ ತಂದ ಮಾತ್ರಕ್ಕೆ ಪ್ರಾಣಿಯ ರಕ್ಷಣೆ ಪೂರ್ಣವಾಯಿತೇ ಎಂಬ ಪ್ರಶ್ನೆಯನ್ನು ನಮ್ಮ ಶಾಸನಕಾರರೂ ಕೇಳಿಕೊಂಡಿಲ್ಲ, ನಾವೂ ಕೇಳಿಕೊಂಡಿಲ್ಲ.

ಕರ್ನಾಟಕದ 1964ರ ಅಧಿನಿಯಮವು ಆಕಳಿನ ವಧೆಯನ್ನು ನಿಷೇಧಿಸಿ, 12 ವರ್ಷ ಮೀರಿದ ಎತ್ತು, ಹೋರಿ, ಎಮ್ಮೆ, ಕೋಣಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2020ರ ಅಧಿನಿಯಮವು 13 ವರ್ಷ ಮೀರಿದ ಎಮ್ಮೆ-ಕೋಣಗಳನ್ನುಳಿದು ಎಲ್ಲ ಜಾನುವಾರುಗಳ ವಧೆಯನ್ನೂ ನಿಷೇಧಿಸಿತು. ಮೊದಲ ಅಪರಾಧಕ್ಕೇ 3ರಿಂದ 7 ವರ್ಷ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ. ಕೊಲ್ಲುವವನೊಡನೆ ಇಷ್ಟು ಕಠಿಣವಾಗಿ ಮಾತನಾಡುವ ಈ ಶಾಸನವು, ಸಾಕುವ ಸಂಸ್ಥೆಗಳ ಸ್ಥಾಪನೆಯನ್ನು ಹೇಳುವುದೇ ಹೊರತು ಒಂದು ದನಕ್ಕೆ ಎಷ್ಟು ಜಾಗ, ಎಷ್ಟು ಮೇವು ಎಂಬುದನ್ನು ಹೇಳುವುದಿಲ್ಲ.

ಹಸಿವಿನಿಂದ ನರಳಿಸುವವನಿಗೆ ಶಿಕ್ಷೆಯೇ ಇಲ್ಲವೆಂದಲ್ಲ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದಂತೆ ಸಾಕಷ್ಟು ಮೇವು-ನೀರು ಕೊಡದಿರುವುದು ಅಪರಾಧವೇ ಸರಿ. ಆದರೆ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ!

ನಮ್ಮ ತಾವರಗೇರಾದಂತಹ ಮಳೆಯಾಶ್ರಿತ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಜೋಳದ ಕಣಕಿಯೂ ತುಟ್ಟಿಯಾಗುತ್ತದೆ. ದುಡಿಯುವ ಜೋಡೆತ್ತಿಗೇ ಮೇವು ಸಾಲದ ರೈತನು ಮುದಿ ಎತ್ತನ್ನು ಗೋಶಾಲೆಗೆ ಬಿಡಬೇಕು, ಇಲ್ಲವೇ ಬೀದಿಗೆ ಬಿಡಬೇಕು. ರಾಜ್ಯ ಸರ್ಕಾರವು 2022ರಲ್ಲಿ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ರಾಸಿಗೆ ವರ್ಷಕ್ಕೆ 11,000 ರೂಪಾಯಿ ಗೊತ್ತುಪಡಿಸಲಾಯಿತು. ದಿನಕ್ಕೆ ಭಾಗಿಸಿದರೆ 30 ರೂಪಾಯಿ ಮತ್ತು ಕೆಲವು ಪೈಸೆ. ಮೇವು, ಔಷಧ, ಆಳಿನ ಕೂಲಿ ಎಲ್ಲವನ್ನೂ ಇದರಲ್ಲಿ ಸರಿದೂಗಿಸುವ ಕೀರ್ದಿಯನ್ನು, ಆಜನ್ಮ ವ್ಯಾಪಾರಿಯಾದ ನಾನು ಬರೆಯಲಾರೆ.

ಇನ್ನು ನಮ್ಮ ಶಾಸ್ತ್ರದ ಮಾತು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆಯುವುದು, ಕೊಲ್ಲುವುದಲ್ಲ. ಕೊಂದರೆ ವ್ರತವೇ ಭಂಗವಾಯಿತು. ಹಾಗಾದರೆ ಈ ಎಚ್ಚರಿಕೆ ಯಾರಿಗೆ? ಪ್ರಾಣಿಯನ್ನು ತನ್ನ ಅಧೀನದಲ್ಲಿ ಇಟ್ಟುಕೊಂಡವನಿಗೆ. ಇಕ್ಕಟ್ಟಿನಲ್ಲಿ ಕಟ್ಟಿ ಅರೆಹೊಟ್ಟೆಯಲ್ಲಿಡುವ ಗೋಶಾಲೆಯು ಈ ಐದರಲ್ಲಿ ಎರಡನ್ನು ಪ್ರತಿದಿನ ಆಚರಿಸುತ್ತದೆ. ಅದರ ಪಾಲು ದಾನಿಗಳಾದ ನಮಗೂ ಸಲ್ಲುತ್ತದೆ.

ಕಟ್ಟುನಿಟ್ಟು ಮಾಡಿದರೆ ಗೋಶಾಲೆಗಳು ಮುಚ್ಚಿಹೋದಾವು ಎಂದು ಕೆಲವರು ಆಕ್ಷೇಪಿಸಬಹುದು. ಐವತ್ತು ದನಗಳಿಗೆ ಮೇವುಳ್ಳ ಸಂಸ್ಥೆ ನೂರನ್ನು ಸೇರಿಸಿಕೊಂಡರೆ ಐವತ್ತನ್ನು ಉಳಿಸಿದಂತಾಗದು, ನೂರನ್ನೂ ಹಸಿವಿಗೆ ಒಪ್ಪಿಸಿದಂತಾಗುತ್ತದೆ. ಆದ್ದರಿಂದ ಜಾಗ, ಮೇವು, ನೀರು, ಪಶುವೈದ್ಯರ ಭೇಟಿ, ಸಾವಿನ ದಾಖಲೆ ಇವು ಶಾಸನದಲ್ಲೇ ಸೇರಬೇಕು. ಅದಕ್ಕೆ ತಕ್ಕ ಅನುದಾನವೂ ಕಡ್ಡಾಯವಾಗಬೇಕು.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂಡಬೇಕಿಲ್ಲ. ಜೀವದಯಾ ನಿಧಿಯಿಂದ ಕಟ್ಟಡಕ್ಕೆ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ನಮ್ಮ ಬಸದಿ ಟ್ರಸ್ಟುಗಳು, ಈ ತಿಂಗಳು ಬಂದ ದನಗಳೆಷ್ಟು, ಸತ್ತವೆಷ್ಟು, ಕೊಂಡ ಮೇವೆಷ್ಟು ಎಂಬುದನ್ನು ಒಂದು ಹಲಗೆಯ ಮೇಲೆ ಬರೆದು ಬಾಗಿಲಿಗೆ ತೂಗುಹಾಕಲಿ. ಅದನ್ನು ಬರೆಯಲು ಹಿಂಜರಿಕೆಯಾದರೆ, ಸುಧಾರಣೆ ಎಲ್ಲಿಂದ ಆರಂಭವಾಗಬೇಕೆಂಬುದು ಅಲ್ಲಿಯೇ ತಿಳಿಯುತ್ತದೆ.